ಅಪಘಾತದ ಕಾರು, ಗ್ಯಾರೇಜ್ ಬಿಲ್ಲು, ವಿಮೆ ಹಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಪಘಾತವಾದ ಕಾರನ್ನು ವಿಮೆಯಡಿ ರಿಪೇರಿ ಮಾಡಿಸುವಾಗ ಕೈಗೆ ಬರುವ ಕಾಗದಗಳ ಬಗ್ಗೆಯೇ ಇವೆ. ಆ ಪೈಕಿ ನಾಲ್ಕು ಕಾಗದಗಳನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ: ಗ್ಯಾರೇಜಿನ ಎಸ್ಟಿಮೇಟ್, ಹಾನಿ ನೋಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಮಾಡಿದ ಅಸೆಸ್‌ಮೆಂಟ್ (ಎಷ್ಟು ಕೊಡಬಹುದೆಂಬ ಲೆಕ್ಕ), ಕೆಲಸಕ್ಕೆ ಕಂಪನಿ ಕೊಟ್ಟ ಒಪ್ಪಿಗೆ, ಕೊನೆಯ ಬಿಲ್ಲು. ಹಣ ಕೈಬಿಟ್ಟುಹೋಗುವುದು ಈ ನಾಲ್ಕರ ನಡುವಿನ ಸಂದಿಗಳಲ್ಲಿ.

ಪ್ರಶ್ನೆ: ನನ್ನದು 1197 ಸಿಸಿ ಪೆಟ್ರೋಲ್ ಕಾರು, ಅಪಘಾತದ ದಿನಕ್ಕೆ 3 ವರ್ಷ 7 ತಿಂಗಳು ಆಗಿತ್ತು. ಮುಂಭಾಗ ಗುದ್ದಿ 62,304 ರೂ. ಬಿಲ್ ಬಂತು. ಕಂಪನಿ ಕೊಟ್ಟಿದ್ದು 45,010 ರೂ. ಉಳಿದ 17,294 ರೂ. ನಾನೇ ಕಟ್ಟಿದೆ. ‘ಫುಲ್ ಇನ್ಶೂರೆನ್ಸ್’ ಇದ್ದೂ ಇಷ್ಟು ಕೈಯಿಂದ ಹೋಗಬೇಕೆ? ಕೇಳಿದರೆ ಸರ್ವಿಸ್ ಅಡ್ವೈಸರ್ ‘ಡಿಪ್ರಿಸಿಯೇಷನ್ ಸಾರ್’ ಅಂದು ಸುಮ್ಮನಾದರು. ಬಿಲ್ಲು, ಅಸೆಸ್‌ಮೆಂಟ್ ಎರಡೂ ಕಳಿಸಿದ್ದೇನೆ. — ತುಮಕೂರು

ಉತ್ತರ: ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲು ನೋಡಿದೆವು. ನಿಮ್ಮ ಲೆಕ್ಕ ಸರಿಯಾಗಿದೆ. ಆದರೆ ‘ಡಿಪ್ರಿಸಿಯೇಷನ್’ (ಭಾಗ ಹಳತಾದಂತೆ ಇಳಿಯುವ ಬೆಲೆ) ಎಂಬ ಒಂದು ಮಾತಿನ ಕೆಳಗೆ ನಾಲ್ಕು ಬೇರೆ ಬೇರೆ ಕಡಿತಗಳಿವೆ. ಅವನ್ನು ಬಿಡಿಸಿ ಹೇಳುವುದು ಅಡ್ವೈಸರ್ ಕೆಲಸವೇ ಆಗಿತ್ತು.

ಬಿಡಿಭಾಗಗಳಿಂದ ಶುರು ಮಾಡೋಣ. ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳು, ಟೈರು, ಬ್ಯಾಟರಿ, ಏರ್‌ಬ್ಯಾಗ್ ಇವಕ್ಕೆ ಕಾರಿನ ವಯಸ್ಸು ಎಷ್ಟೇ ಇರಲಿ, ಸೀದಾ 50% ಕಡಿತ. ಫೈಬರ್ ಗ್ಲಾಸಿಗೆ 30%. ಗಾಜಿಗೆ ಕಡಿತವೇ ಇಲ್ಲ. ಲೋಹದ ಭಾಗಗಳಿಗೆ ವಯಸ್ಸಿನ ಮೇಲೆ ಹೋಗುತ್ತದೆ: ಮೊದಲ 6 ತಿಂಗಳು ಏನೂ ಇಲ್ಲ, 1 ವರ್ಷದವರೆಗೆ 5%, 2ರವರೆಗೆ 10%, 3ರವರೆಗೆ 15%, 4ರವರೆಗೆ 25%, 5ರವರೆಗೆ 35%, 10ರವರೆಗೆ 40%, ಅಲ್ಲಿಂದ ಮುಂದೆ 50%.

ನಿಮ್ಮ ಬಿಲ್ಲಿನಲ್ಲಿ ಬಂಪರ್ 6,000, ಎಡ ಹೆಡ್‌ಲ್ಯಾಂಪ್ 8,000. ಎರಡೂ ಪ್ಲಾಸ್ಟಿಕ್ ಲೆಕ್ಕ, ಹಾಗಾಗಿ 7,000 ಹೋಯಿತು. ಬಾನೆಟ್ 9,000, ಫೆಂಡರ್ 3,000. ಇವು ಲೋಹ, 25%ರಂತೆ 3,000 ಹೋಯಿತು. ಮುಂಗಾಜು 7,000 ಪೂರ್ತಿ ಸಿಕ್ಕಿದೆ. ಅಂದರೆ 33,000 ರೂ. ಭಾಗಗಳಲ್ಲಿ 10,000 ಕಡಿತ. ಡೆಂಟಿಂಗ್, ಬಿಚ್ಚಿ ಜೋಡಿಸುವ ಕೂಲಿ 6,000ಕ್ಕೆ ಕಡಿತ ಇಲ್ಲ, ಇರಲೂಬಾರದು. ಪೇಂಟಿಂಗ್ ಒಟ್ಟು 12,000. ಬಣ್ಣದ ಸಾಮಗ್ರಿಯನ್ನು ಬೇರೆಯಾಗಿ ತೋರಿಸದೆ ಒಂದೇ ಮೊತ್ತ ಬರೆದಾಗ, ಅದರ ಕಾಲುಭಾಗವನ್ನು ಸಾಮಗ್ರಿ ಎಂದು ಹಿಡಿದು, ಆ ಕಾಲುಭಾಗಕ್ಕೆ ಮಾತ್ರ 50% ಕಡಿಯಬೇಕು. ನಿಮಗೆ 3,000ದ ಅರ್ಧ, 1,500 ಹೋಗಿದೆ. ಕೂಲೆಂಟ್, ಕ್ಲಿಪ್, ನಟ್ಟು-ಬೋಲ್ಟು, ಸೀಲಂಟ್ ಸೇರಿ 1,800. ಇದಕ್ಕೆ ‘ಕನ್‌ಸ್ಯೂಮಬಲ್ಸ್’ ಎಂಬ ಹೆಚ್ಚುವರಿ ಕವರ್ ಬೇಕು, ನೀವು ತೆಗೆದುಕೊಂಡಿಲ್ಲ.

ಎಲ್ಲ ಸೇರಿ 13,300. ಅದರ ಮೇಲೆ 18% ಜಿಎಸ್‌ಟಿ ಹಾಕಿದರೆ 15,694. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೈಮಿನಲ್ಲೂ ಮಾಲೀಕ ಹೊರಬೇಕಾದ ಕಡ್ಡಾಯ ಮೊತ್ತ 1,000. 1500 ಸಿಸಿ ದಾಟಿದರೆ 2,000. ಹಳೆಯ ಬಾನೆಟ್, ಫೆಂಡರಿನ ಗುಜರಿ ಬೆಲೆ ಎಂದು 600 ಕಡಿದಿದ್ದಾರೆ. ಮೂರನ್ನೂ ಕೂಡಿ: 17,294. ಗುಜರಿ ಬೆಲೆ ನಿಮ್ಮ ಪಾಲಿಗೆ ಬಿದ್ದಿದೆಯಾದ್ದರಿಂದ ಆ ಹಳೆಯ ಭಾಗಗಳು ನಿಮ್ಮವು. ಗ್ಯಾರೇಜಿನಲ್ಲಿ ಕೇಳಿ ತೆಗೆದುಕೊಳ್ಳಿ, ಅಥವಾ 600 ರೂ. ಬಿಲ್ಲಿನಲ್ಲಿ ಕಳೆಯಲು ಹೇಳಿ.

‘ಝೀರೋ ಡೆಪ್’, ಅಂದರೆ ಡಿಪ್ರಿಸಿಯೇಷನ್ ಕಡಿಯದ, ಎಲ್ಲರೂ ‘ಬಂಪರ್ ಟು ಬಂಪರ್’ ಎನ್ನುವ ಕವರ್ ಇದ್ದಿದ್ದರೆ ಇದೇ ಬಿಲ್ಲಿಗೆ ನಿಮ್ಮ ಕೈಯಿಂದ 3,724 ರೂ. ಮಾತ್ರ ಹೋಗುತ್ತಿತ್ತು. ಮುಂದಿನ ನವೀಕರಣದಲ್ಲಿ ಅದರ ಪ್ರೀಮಿಯಂ ಎಷ್ಟೆಂದು ಕೇಳಿ, ಈ ಅಂಕಿಯ ಜೊತೆ ತೂಗಿ ನೋಡಿ.

ನಿಮ್ಮದರಲ್ಲಿ ತಪ್ಪಿಲ್ಲದಿದ್ದರೂ ಬೇರೆಯವರ ಅಸೆಸ್‌ಮೆಂಟಿನಲ್ಲಿ ಮೂರು ತಪ್ಪು ಪದೇಪದೇ ಕಾಣುತ್ತವೆ. ಒಂದು, ಪೇಂಟಿಂಗ್ ಮೊತ್ತಕ್ಕೆ ಪೂರ್ತಿಯಾಗಿ 50% ಕಡಿಯುವುದು. ನಿಮ್ಮ ಬಿಲ್ಲಿನಲ್ಲಿ ಹಾಗಾಗಿದ್ದರೆ 1,500ರ ಬದಲು 6,000 ಹೋಗುತ್ತಿತ್ತು. ಎರಡು, ಲೋಹದ ಭಾಗವನ್ನು ಪ್ಲಾಸ್ಟಿಕ್ ಕಾಲಮ್ಮಿಗೆ ಹಾಕುವುದು. ಮೂರು, ವಯಸ್ಸನ್ನು ಅಪಘಾತದ ದಿನಕ್ಕೆ ಎಣಿಸದೆ ಬಿಲ್ಲಿನ ದಿನಕ್ಕೆ ಎಣಿಸುವುದು. ಕಾರು 2 ವರ್ಷ 11 ತಿಂಗಳಿಗೆ ಗುದ್ದಿ, ರಿಪೇರಿ ಎಳೆದು 3 ವರ್ಷ ದಾಟಿದರೆ 15% ಹೋಗಬೇಕಾದಲ್ಲಿ 25% ಹೋಗಿರುತ್ತದೆ. ಇವು ಕಂಡರೆ ಸಾಲಿನ ನಂಬರ್ ಬರೆದು ಸರ್ವೇಯರಿಗೂ ಕಂಪನಿಗೂ ಇಮೇಲ್ ಮಾಡಿ. ‘ಕಡಿಮೆ ಕೊಟ್ಟಿದ್ದೀರಿ’ ಎಂದಷ್ಟೇ ಬರೆದರೆ ಉತ್ತರ ಬರುವುದಿಲ್ಲ.

ಪ್ರಶ್ನೆ: ಬಂಪರ್ ಬಿಚ್ಚಿದ ಮೇಲೆ ಎಸಿ ಕಂಡೆನ್ಸರ್, ರೇಡಿಯೇಟರ್ ಎರಡೂ ಒಡೆದಿರುವುದು ಕಂಡಿತಂತೆ. ಗ್ಯಾರೇಜಿನವರು ಹೊಸದು ಹಾಕಿಬಿಟ್ಟರು. ‘ಸರ್ವೇಯರ್ ನೋಡಿಲ್ಲ’ ಎಂದು ಕಂಪನಿ ಅಷ್ಟೂ ಹಣ ತಿರಸ್ಕರಿಸಿದೆ. — ಹುಬ್ಬಳ್ಳಿ

ಉತ್ತರ: ಹೊರಗಿನಿಂದ ನೋಡಿ ಬರೆದ ಮೊದಲ ಎಸ್ಟಿಮೇಟಿನಲ್ಲಿ ಬಂಪರಿನ ಹಿಂದೆ ಏನಿದೆಯೋ ಅದು ಬರುವುದಿಲ್ಲ. ಕಂಡೆನ್ಸರ್, ರೇಡಿಯೇಟರ್, ಫ್ಯಾನ್ ಕವಚ, ಬಂಪರಿನ ಒಳಗಿನ ಕಬ್ಬಿಣದ ಪಟ್ಟಿ, ಪಕ್ಕದ ಏಪ್ರನ್ ಎಲ್ಲ ಬಿಚ್ಚಿದ ಮೇಲೇ ಕಾಣುವುದು. ಆಗ ಕೆಲಸ ನಿಲ್ಲಿಸಿ, ‘ಸಪ್ಲಿಮೆಂಟರಿ ಎಸ್ಟಿಮೇಟ್’ ಬರೆದು, ಸರ್ವೇಯರನ್ನು ಮತ್ತೆ ಕರೆಸಿ, ಅವರು ಒಪ್ಪಿದ ಮೇಲೆ ಹೊಸ ಭಾಗ ತರಿಸಬೇಕು. ನಿಮ್ಮ ಗ್ಯಾರೇಜಿನವರು ಈ ಹಂತ ಹಾರಿದ್ದಾರೆ. ಪಾಲಿಸಿಯ ಷರತ್ತಿನಲ್ಲೇ ಇದೆ: ಕಂಪನಿಯನ್ನು ಕೇಳದೆ ಮಾಲೀಕ ತಾನಾಗಿ ಮಾಡಿಸಬಹುದಾದ ರಿಪೇರಿಯ ಮಿತಿ 500 ರೂ. ಮಾತ್ರ.

ಆದರೂ ಬಾಗಿಲು ಮುಚ್ಚಿಲ್ಲ. ಹಳೆಯ ಕಂಡೆನ್ಸರ್, ರೇಡಿಯೇಟರ್ ಇನ್ನೂ ಗ್ಯಾರೇಜಿನಲ್ಲಿ ಇವೆಯೇ ಎಂದು ಇವತ್ತೇ ವಿಚಾರಿಸಿ. ಇದ್ದರೆ ಗುಜರಿಗೆ ಹೋಗದಂತೆ ಎತ್ತಿಡಲು ಹೇಳಿ, ಸರ್ವೇಯರ್ ಬಂದು ನೋಡಲಿ ಎಂದು ಕಂಪನಿಗೆ ಬರೆಯಿರಿ. ಅಪಘಾತದಲ್ಲೇ ಒಡೆದದ್ದು ಭಾಗವನ್ನು ನೋಡಿದರೆ ತಿಳಿಯುತ್ತದೆ. ಹೊಸ ಪೆಟ್ಟಾದರೆ ತೆಳು ರೆಕ್ಕೆಗಳು ಗುದ್ದಿದ ದಿಕ್ಕಿಗೇ ಮಡಚಿರುತ್ತವೆ, ಸೀಳಿದ ಜಾಗದಲ್ಲಿ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತದೆ. ಹಳೆಯ ಸೋರಿಕೆಯಾದರೆ ಕಂಡೆನ್ಸರಿನ ಮೇಲೆ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿ ಕಪ್ಪಾಗಿರುತ್ತದೆ, ರೇಡಿಯೇಟರಿನ ಅಂಚಿನಲ್ಲಿ ಕೂಲೆಂಟ್ ಒಣಗಿದ ಕಲೆ ಇರುತ್ತದೆ. ಬಿಚ್ಚಿದ ಹೊತ್ತಿನಲ್ಲಿ ಮೆಕ್ಯಾನಿಕ್ ಮೊಬೈಲಿನಲ್ಲಿ ತೆಗೆದ ಫೋಟೋ ಇದ್ದರೆ ಮೂಲ ಫೈಲನ್ನೇ ಕೇಳಿ. ಒಬ್ಬರಿಂದೊಬ್ಬರಿಗೆ ವಾಟ್ಸಾಪಿನಲ್ಲಿ ದಾಟಿದ ಫೋಟೋದಲ್ಲಿ ತೆಗೆದ ದಿನಾಂಕ ಅಳಿಸಿಹೋಗುತ್ತದೆ.

ಇದಾವುದೂ ಸಿಗದಿದ್ದರೆ ಪ್ರಶ್ನೆ ಗ್ಯಾರೇಜಿನವರಿಗೆ: ಹೆಚ್ಚುವರಿ ಕೆಲಸಕ್ಕೆ ನನ್ನ ಒಪ್ಪಿಗೆ ಎಲ್ಲಿ ಪಡೆದಿರಿ? ಈ ಪತ್ರ ಓದುವ ಉಳಿದವರು ಕಾರು ಬಿಡುವಾಗಲೇ ಜಾಬ್ ಕಾರ್ಡಿನ (ಮಾಡಬೇಕಾದ ಕೆಲಸ ಬರೆದುಕೊಳ್ಳುವ ಗ್ಯಾರೇಜಿನ ಹಾಳೆ) ಮೇಲೆ ಕೈಬರಹದಲ್ಲಿ ಒಂದು ಸಾಲು ಬರೆಯಿರಿ: ‘ಹೆಚ್ಚುವರಿ ಕೆಲಸ ಸರ್ವೇಯರ್ ಮತ್ತು ನನ್ನ ಲಿಖಿತ ಒಪ್ಪಿಗೆಯ ನಂತರವೇ.’ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಎಚ್ಚರ. ಗುದ್ದಿದ ಮೇಲೆ ಕೆಳಗೆ ಹಸಿರೋ ಗುಲಾಬಿಯೋ ನೀರು ತೊಟ್ಟಿಕ್ಕುತ್ತಿದ್ದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಕೂಲೆಂಟ್ ಇಲ್ಲದೆ ಓಡಿಸಿ ಎಂಜಿನ್ ಕಚ್ಚಿಕೊಂಡರೆ ‘ರಿಪೇರಿಗೆ ಮುಂಚೆ ಓಡಿಸಿ ಹೆಚ್ಚಾದ ಹಾನಿ’ ಎಂದು ಪಾಲಿಸಿ ಅದನ್ನು ಪೂರ್ತಿ ಮಾಲೀಕನ ಮೇಲೆ ಹಾಕುತ್ತದೆ. ಟೋ ಖರ್ಚಿಗೆ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ 1,500 ರೂ.ವರೆಗೆ ಸಿಗುತ್ತದೆ, ರಸೀದಿ ಬೇಕು.

ಪ್ರಶ್ನೆ: ಕ್ಯಾಶ್‌ಲೆಸ್ ರಿಪೇರಿ (ಗ್ಯಾರೇಜಿಗೆ ಕಂಪನಿಯೇ ಹಣ ಕಟ್ಟುವ ಕ್ರಮ). ಬಿಲ್ಲು ವಿಮಾ ಕಂಪನಿಯ ಹೆಸರಿನಲ್ಲಿದೆ, ನನ್ನ ಹೆಸರು ಕೆಳಗೆ ಸಣ್ಣದಾಗಿದೆ. ನಾನು ಕಟ್ಟಿದ ಹಣಕ್ಕೆ ಬೇರೆ ಚೀಟಿ. ಇದರಲ್ಲಿ ಮೋಸ ಇದೆಯೇ? — ಬೆಂಗಳೂರು

ಉತ್ತರ: ಇಲ್ಲ, ಇದು ಜಿಎಸ್‌ಟಿಯ ಕಾರಣಕ್ಕೆ. ಕಂಪನಿ ತಾನು ಭರಿಸಿದ ಭಾಗದ ಮೇಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಪಡೆಯಬೇಕಾದರೆ ಇನ್ವಾಯ್ಸ್ ಕಂಪನಿಯ ಹೆಸರಿನಲ್ಲೇ ಇರಬೇಕು. ಮೊದಲು ಮಾಲೀಕರು ಹಣ ಕಟ್ಟಿ ಆಮೇಲೆ ವಾಪಸ್ ಪಡೆಯುವ ಕ್ಲೈಮಿಗೂ ಇದು ಅನ್ವಯಿಸುತ್ತದೆ ಎಂದು 2024ರ ಜೂನ್ 26ರ ಜಿಎಸ್‌ಟಿ ಸುತ್ತೋಲೆ ಸ್ಪಷ್ಟಪಡಿಸಿದೆ. ಸರಿಯಾದ ಕ್ರಮ ಎರಡು ಇನ್ವಾಯ್ಸ್: ಒಪ್ಪಿದ ಮೊತ್ತಕ್ಕೆ ಕಂಪನಿಯ ಹೆಸರಿನಲ್ಲಿ ಒಂದು, ನಿಮ್ಮ ಪಾಲಿಗೆ ನಿಮ್ಮ ಹೆಸರಿನಲ್ಲಿ ಇನ್ನೊಂದು.

ನಿಮಗೆ ಕೊಟ್ಟಿದ್ದು ಬರೀ ‘ಚೀಟಿ’ಯಾದರೆ ಒಪ್ಪಬೇಡಿ. ಇನ್ವಾಯ್ಸ್ ನಂಬರ್, ಗ್ಯಾರೇಜಿನ ಜಿಎಸ್‌ಟಿ ನಂಬರ್ ಇರುವ ಪಕ್ಕಾ ಬಿಲ್ಲನ್ನೇ ಕೇಳಿ. ಎರಡು ಬಿಲ್ಲುಗಳನ್ನು ಕೂಡಿದರೆ ಒಟ್ಟು ಕೆಲಸದ ಮೊತ್ತ ಬರಬೇಕು. ಒಂದೇ ಭಾಗದ ಪೂರ್ತಿ ಬೆಲೆ ಎರಡರಲ್ಲೂ ಕಂಡರೆ ಎರಡು ಸಲ ವಸೂಲಾಗಿದೆ. ಕಂಪನಿ ಹೆಸರಿನ ಬಿಲ್ಲಿನ ಪ್ರತಿಯೂ ನಿಮಗೆ ಬೇಕು, ಏಕೆಂದರೆ ಹೊಸ ಭಾಗದ ವಾರಂಟಿ ಕೇಳುವಾಗ ತೋರಿಸಬೇಕಾದದ್ದು ಅದನ್ನೇ. ತೆರಿಗೆ ದರವನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ 28% ಹೋಗಿ 18% ಬಂದಿದೆ. ಹಳೆಯ ದರಪಟ್ಟಿಯಿಂದ ತೆಗೆದ ಎಸ್ಟಿಮೇಟಿನಲ್ಲಿ 28% ಉಳಿದಿದ್ದರೆ ತಿದ್ದಿಸಿ.

ಪ್ರಶ್ನೆ: ನಮ್ಮೂರಲ್ಲಿ ಕಂಪನಿಯ ಪಟ್ಟಿಯಲ್ಲಿರುವ ಗ್ಯಾರೇಜ್ ಇಲ್ಲ. ಪರಿಚಯದ ಗ್ಯಾರೇಜಿನಲ್ಲಿ ಮಾಡಿಸಿದರೆ ಹಣ ಬರುತ್ತದೆಯೇ? — ಶಿರಸಿ

ಉತ್ತರ: ಬರುತ್ತದೆ. ಕ್ಯಾಶ್‌ಲೆಸ್ ಸೌಲಭ್ಯ ಸಿಗದು, ನೀವು ಕಟ್ಟಿ ವಾಪಸ್ ಪಡೆಯಬೇಕು, ಅಷ್ಟೇ. ಮೊದಲು ಕಂಪನಿಗೆ ತಿಳಿಸಿ ಕ್ಲೈಮ್ ನಂಬರ್ ಪಡೆಯಿರಿ, ಸರ್ವೇ ಆಗುವವರೆಗೆ ಕಾರನ್ನು ಬಿಚ್ಚಿಸಬೇಡಿ. ಗ್ಯಾರೇಜಿನವರು ಲೆಟರ್‌ಹೆಡ್ಡಿನ ಮೇಲೆ ಎಸ್ಟಿಮೇಟ್ ಕೊಡಲಿ: ಭಾಗಗಳು ಒಂದೊಂದಾಗಿ, ಕೂಲಿ ಬೇರೆ, ಪೇಂಟಿಂಗ್ ಬೇರೆ. ‘ಮುಂಭಾಗ ರಿಪೇರಿ, ಒಟ್ಟು 40,000’ ಎಂಬ ಒಂದೇ ಸಾಲಿನ ಬಿಲ್ಲಿನಿಂದಲೇ ಸಣ್ಣ ಊರುಗಳ ಕ್ಲೈಮುಗಳು ಸಿಕ್ಕಿಬೀಳುತ್ತವೆ. ಭಾಗವೆಷ್ಟು, ಕೂಲಿಯೆಷ್ಟು ಎಂದು ಗೊತ್ತಾಗದೆ ಸರ್ವೇಯರ್ ಕಡಿಮೆ ಅಂದಾಜಿಗೇ ಹೋಗುತ್ತಾರೆ. ಭಾಗಗಳನ್ನು ಅಂಗಡಿಯಿಂದ ನೀವೇ ತಂದುಕೊಟ್ಟರೆ ಅಂಗಡಿಯ ಜಿಎಸ್‌ಟಿ ಬಿಲ್ಲು ನಿಮ್ಮ ಹೆಸರಿನಲ್ಲಿ, ವಾಹನದ ನಂಬರ್ ಸಮೇತ ಇರಲಿ. ಹಣವನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಕೆಲಸ ಮುಗಿದ ಮೇಲೆ ಸರ್ವೇಯರ್ ಮತ್ತೊಮ್ಮೆ ನೋಡುವವರೆಗೆ ಹಳೆಯ ಭಾಗಗಳನ್ನು ಎಸೆಯಬೇಡಿ. ಕೊನೆಗೆ ಕ್ಲೈಮ್ ಫಾರ್ಮ್, ಆರ್‌ಸಿ, ಓಡಿಸುತ್ತಿದ್ದವರ ಡಿಎಲ್, ಬಿಲ್ಲು, ಪಾವತಿ ದಾಖಲೆ, ರದ್ದು ಮಾಡಿದ ಚೆಕ್ಕು ಕಳಿಸಿ.

ಪ್ರಶ್ನೆ: ಕಾರು ಸ್ಕೂಟರಿಗೆ ತಾಗಿ ಸವಾರರಿಗೆ ಪೆಟ್ಟಾಯಿತು. ಕೇಸಾಗಿದೆ. ‘ಬ್ರೇಕ್ ಇನ್‌ಸ್ಪೆಕ್ಟರ್ ನೋಡದೆ ಕೈ ಹಾಕುವುದಿಲ್ಲ’ ಎನ್ನುತ್ತಾರೆ ಗ್ಯಾರೇಜಿನವರು. — ಕುಂದಾಪುರ

ಉತ್ತರ: ಗ್ಯಾರೇಜಿನವರು ಹೇಳುವುದು ಸರಿ. ಜನ ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುವ ಮೋಟಾರು ವಾಹನ ನಿರೀಕ್ಷಕರು ಕಾರನ್ನು ಇದ್ದ ಸ್ಥಿತಿಯಲ್ಲೇ ಪರೀಕ್ಷಿಸಿ ವರದಿ ಕೊಡಬೇಕು. ಅದಕ್ಕೆ ಮುಂಚೆ ಬಂಪರ್ ಬದಲಿಸಿದರೆ ಸಾಕ್ಷ್ಯ ತಿದ್ದಿದ ಆರೋಪ ಮೈಮೇಲೆ ಬರುತ್ತದೆ. ವರದಿ ಆಗಿ, ವಾಹನ ಬಿಡುಗಡೆಯಾದ ಮೇಲೆ ಕೆಲಸ ಶುರು ಮಾಡಿಸಿ. ಈ ಕಾಯುವಿಕೆಯ ನಡುವೆ ವಿಮಾ ಕಂಪನಿಗೆ ತಿಳಿಸುವುದನ್ನು ಮಾತ್ರ ತಡಮಾಡಬೇಡಿ.

ಕ್ಲೈಮ್ ಫಾರ್ಮಿನಲ್ಲಿ ಬರೆಯುವ ದಿನ, ಹೊತ್ತು, ಜಾಗ, ಓಡಿಸುತ್ತಿದ್ದವರ ಹೆಸರು ಎಫ್‌ಐಆರ್ ಮತ್ತು ಮಹಜರಿಗೆ ಹೊಂದಬೇಕು. ಎಫ್‌ಐಆರ್‌ನಲ್ಲೇ ತಪ್ಪಿದ್ದರೆ ಫಾರ್ಮಿನಲ್ಲಿ ನಿಜ ಬರೆದು, ವ್ಯತ್ಯಾಸ ಏಕೆಂದು ಪ್ರತ್ಯೇಕ ಪತ್ರ ಲಗತ್ತಿಸಿ. ಓಡಿಸಿದವರನ್ನು ಬದಲಿಸಿ ಬರೆಯಿರಿ ಎಂದು ಯಾರೇ ಸಲಹೆ ಕೊಟ್ಟರೂ ಕೇಳಬೇಡಿ. ನಿಮ್ಮ ಹಾನಿಯ ಹಣವೂ ಹೋಗುತ್ತದೆ, ಗಾಯಾಳುವಿನ ಪರಿಹಾರವೂ ನಿಮ್ಮ ತಲೆಗೆ ಬರಬಹುದು. ಗಾಯಾಳುವಿಗೆ ಆಸ್ಪತ್ರೆಯಲ್ಲಿ ಮಾನವೀಯವಾಗಿ ನೆರವಾಗಿ, ಆದರೆ ‘ತಪ್ಪು ನಂದೇ, ಇಷ್ಟು ಕೊಡುತ್ತೇನೆ’ ಎಂದು ಬರೆದುಕೊಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹಾಗೆ ಒಪ್ಪಿಕೊಳ್ಳುವುದನ್ನು ಪಾಲಿಸಿ ನಿಷೇಧಿಸುತ್ತದೆ. ನ್ಯಾಯಾಲಯದ ಸಮನ್ಸ್ ಬಂದರೆ ಅದರ ಪ್ರತಿ ಅಂದೇ ಕಂಪನಿಗೆ ಹೋಗಲಿ.

ಪ್ರಶ್ನೆ: ಡೆಲಿವರಿಗೆ ಮುಂಚೆಯೇ ‘ಸ್ಯಾಟಿಸ್ಫ್ಯಾಕ್ಷನ್ ವೋಚರ್’ಗೆ ಸಹಿ ಕೇಳುತ್ತಿದ್ದಾರೆ. ಖಾಲಿ ಕ್ಲೈಮ್ ಫಾರ್ಮಿಗೂ ಸಹಿ ಮಾಡಿಸಿಕೊಂಡಿದ್ದಾರೆ. — ದಾವಣಗೆರೆ

ಉತ್ತರ: ಖಾಲಿ ಫಾರ್ಮಿಗೆ ಸಹಿ ಹಾಕಿದ್ದು ತಪ್ಪಾಯಿತು. ಅಪಘಾತ ಹೇಗಾಯಿತು ಎಂಬ ನಾಲ್ಕು ಸಾಲು ಆ ಫಾರ್ಮಿನಲ್ಲಿದೆ. ಅದನ್ನು ಬರೆಯಬೇಕಾದವರು ನೀವು. ಈಗಲೇ ತುಂಬಿದ ಫಾರ್ಮಿನ ಪ್ರತಿ ಕೇಳಿ ಓದಿ. ‘ನಿಂತಿದ್ದ ಕಾರಿಗೆ ಯಾರೋ ಗುದ್ದಿದರು’ ಎಂದು ಸುಲಭಕ್ಕೆ ಬರೆದಿರುತ್ತಾರೆ, ಪೆಟ್ಟಿನ ದಿಕ್ಕು ಅದಕ್ಕೆ ಹೊಂದದೆ ಸರ್ವೇಯರ್ ಪ್ರಶ್ನೆ ಎತ್ತುತ್ತಾರೆ, ಉತ್ತರ ಕೊಡಬೇಕಾದವರು ನೀವಾಗುತ್ತೀರಿ.

‘ಕೆಲಸ ತೃಪ್ತಿಯಾಗಿದೆ’ ಎನ್ನುವ ಸ್ಯಾಟಿಸ್ಫ್ಯಾಕ್ಷನ್ ವೋಚರಿಗೆ ಕಾರು ನೋಡಿದ ಮೇಲೆಯೇ ಸಹಿ. ಹಗಲು ಬೆಳಕಿನಲ್ಲಿ ಹೋಗಿ, ಕಾರನ್ನು ಶೆಡ್ಡಿನಿಂದ ಹೊರಗೆ ಬಿಸಿಲಿಗೆ ತರಿಸಿ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಬಣ್ಣವಾಗಿ ಕಾಣುವ ಫೆಂಡರೂ ಬಾಗಿಲೂ ಬಿಸಿಲಲ್ಲಿ ಬೇರೆಯಾಗುತ್ತವೆ, ಬೆಳ್ಳಿ ಬಣ್ಣದಲ್ಲಂತೂ ಎದ್ದು ಕಾಣುತ್ತದೆ. ಬಾನೆಟ್ ಮತ್ತು ಫೆಂಡರಿನ ನಡುವಿನ ಸಂದಿ ಎಡಕ್ಕೂ ಬಲಕ್ಕೂ ಒಂದೇ ಅಗಲ ಇರಬೇಕು. ಕಿರುಬೆರಳ ಉಗುರು ಒಂದು ಕಡೆ ಸರಾಗ ಹೋಗಿ ಇನ್ನೊಂದು ಕಡೆ ಸಿಕ್ಕಿದರೆ ಜೋಡಣೆ ಓರೆಯಾಗಿದೆ. ಹೊಸ ಹೆಡ್‌ಲ್ಯಾಂಪ್ ಎಂದು ಬಿಲ್ಲಿದ್ದರೆ ಬಾನೆಟ್ ಎತ್ತಿ ಅದರ ಬೆನ್ನಿನ ಸ್ಟಿಕ್ಕರ್ ನೋಡಿ, ಹಳೆಯ ಬದಿಯದಕ್ಕೆ ಹೋಲಿಸಿ. ಗೋಡೆಗೆ ಬೆಳಕು ಹಾಯಿಸಿ ಎರಡೂ ಒಂದೇ ಎತ್ತರದಲ್ಲಿ ಬೀಳುತ್ತವೆಯೇ ನೋಡಿ. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೂ ತೊಂದರೆಯೇ. ಎಸಿ ಹತ್ತು ನಿಮಿಷ ಓಡಿಸಿ. ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಸಡಿಲ ಬಿಟ್ಟಾಗ ಒಂದು ಬದಿಗೆ ಎಳೆಯಬಾರದು. ಸ್ಟೆಪ್ನಿ, ಜಾಕು ಇವೆಯೇ ನೋಡಿ. ಉಳಿದ ಕೆಲಸವಿದ್ದರೆ ವೋಚರಿನ ಮೇಲೆಯೇ ‘ಎಡ ಫೆಂಡರ್ ಬಣ್ಣ ಬಾಕಿ’ ಎಂದು ಬರೆದು ಸಹಿ ಮಾಡಿ.

ಹಣ ಸಿಕ್ಕಿತೆಂದು ಒಪ್ಪಲು ಕಂಪನಿ ಕೊಡುವ ‘ಡಿಸ್ಚಾರ್ಜ್ ವೋಚರ್’ ಬೇರೆ. ‘ಪೂರ್ಣ ಮತ್ತು ಅಂತಿಮ’ ಎಂದು ಅದರಲ್ಲಿದ್ದರೂ, ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2015ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿದೆ. ಒಪ್ಪಿಗೆ ಇಲ್ಲದಿದ್ದರೆ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದು ಸಹಿ ಮಾಡಿ.

ಪ್ರಶ್ನೆ: ಕಾರಿನ ವಿಮಾ ಮೌಲ್ಯ 4 ಲಕ್ಷ. ರಿಪೇರಿ ಎಸ್ಟಿಮೇಟ್ 3.2 ಲಕ್ಷ. ಗ್ಯಾರೇಜ್ ಪಾರ್ಕಿಂಗ್ ಶುಲ್ಕ ಕೇಳುತ್ತಿದೆ. — ಮೈಸೂರು

ಉತ್ತರ: ರಿಪೇರಿ ಖರ್ಚು ವಿಮಾ ಮೌಲ್ಯದ 75% ದಾಟಿದರೆ, ನಿಮ್ಮ ಲೆಕ್ಕದಲ್ಲಿ 3 ಲಕ್ಷ ದಾಟಿದರೆ, ಅದು ಪೂರ್ಣ ನಷ್ಟದ, ಅಂದರೆ ರಿಪೇರಿ ಬದಲು ವಿಮಾ ಮೌಲ್ಯವನ್ನೇ ಕೊಡುವ, ಸಾಲಿಗೆ ಸೇರುತ್ತದೆ. ಆದರೆ ಗ್ಯಾರೇಜಿನ ಎಸ್ಟಿಮೇಟ್ ಅಲ್ಲ, ಸರ್ವೇಯರ್ ಒಪ್ಪಿದ ಮೊತ್ತ ನಿರ್ಣಾಯಕ. ಅವರು 2.9 ಲಕ್ಷಕ್ಕೆ ಇಳಿಸಿದರೆ ಮತ್ತೆ ರಿಪೇರಿಯೇ. ಸಾಲ ಬಾಕಿ ಇದ್ದರೆ ಪೂರ್ಣ ನಷ್ಟದ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಹಾಳಾದ ಕಾರನ್ನು ಬೇರೆಯವರು ಕೊಂಡರೆ ಆರ್‌ಸಿ ವರ್ಗಾವಣೆಯಾದ ಅಥವಾ ರದ್ದಾದ ದಾಖಲೆ ಕೈಗೆ ಬರುವವರೆಗೆ ಬಿಡಬೇಡಿ. ಆ ನಂಬರಿನ ಕಾರಿಗೆ ಹೊಣೆ ನೀವೇ.

ಪಾರ್ಕಿಂಗ್ ಶುಲ್ಕ ಜಾಬ್ ಕಾರ್ಡಿನಲ್ಲಿ ಮೊದಲೇ ಬರೆದಿದೆಯೇ ನೋಡಿ. ಮಾಡಿದ ಕೆಲಸದ ಕೂಲಿ ಬಾಕಿಯಿದ್ದರೆ ಕಾರನ್ನು ತಡೆದಿಟ್ಟುಕೊಳ್ಳುವ ಹಕ್ಕು ಗ್ಯಾರೇಜಿಗೆ ಕರಾರು ಕಾಯ್ದೆಯ 170ನೇ ಸೆಕ್ಷನ್ನಿನಲ್ಲಿದೆ, ಆದರೆ ಅದು ಆ ಕಾರಿನ ಮೇಲೆ ಮಾಡಿದ ಕೆಲಸಕ್ಕೆ ಮಾತ್ರ. ಕಂಪನಿ ತೀರ್ಮಾನ ತಡಮಾಡಿದ್ದರಿಂದ ದಿನಗಳು ಏರುತ್ತಿದ್ದರೆ ‘ಇಂದಿನಿಂದ ಪಾರ್ಕಿಂಗ್ ಇಷ್ಟು’ ಎಂದು ಕಂಪನಿಗೆ ಬರೆಯುತ್ತಾ ಹೋಗಿ. ಆಮೇಲೆ ಆ ಹಣ ಕೇಳಲು ಆ ಇಮೇಲುಗಳೇ ಆಧಾರ.

ಪ್ರಶ್ನೆ: ಸರ್ವೇ ಆಗಿ ಎರಡು ತಿಂಗಳಾಯಿತು. ‘ಅಪ್ರೂವಲ್ ಬಂದಿಲ್ಲ’ ಎಂಬ ಒಂದೇ ಉತ್ತರ. — ಕಲಬುರಗಿ

ಉತ್ತರ: ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳ ಪ್ರಕಾರ ಕ್ಲೈಮ್ ತಿಳಿಸಿದ 24 ಗಂಟೆಯಲ್ಲಿ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ತಲುಪಿದ 7 ದಿನದಲ್ಲಿ ತೀರ್ಮಾನ ಆಗಬೇಕು. ಎರಡು ತಿಂಗಳು ಯಾವ ಲೆಕ್ಕಕ್ಕೂ ಸೇರದು. ಗ್ಯಾರೇಜನ್ನು ಕೇಳುವುದು ಬಿಡಿ, ಕಂಪನಿಗೇ ಇಮೇಲ್ ಮಾಡಿ: ಸರ್ವೇ ವರದಿ ಬಂದ ದಿನ ಯಾವುದು, ಯಾವ ದಾಖಲೆ ಬಾಕಿ ಇದೆ, ವರದಿಯ ಪ್ರತಿ ಕೊಡಿ. ಅಲುಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು, ಜೊತೆಗೆ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದೂರು ದಾಖಲಿಸಿ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ, 50 ಲಕ್ಷದವರೆಗಿನ ವಿಷಯ ಕೇಳುತ್ತಾರೆ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಹೋಗಬೇಕು. ದೂರಿನ ಜೊತೆ ಪಾಲಿಸಿ, ಎಸ್ಟಿಮೇಟ್, ಸರ್ವೇ ವರದಿ, ಜಾಬ್ ಕಾರ್ಡ್, ಕಂಪನಿಗೆ ಬರೆದ ಇಮೇಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಮೇಲೆ ಒಂದು ಹಾಳೆಯಲ್ಲಿ ಯಾವ ದಿನ ಏನಾಯಿತು ಎಂದು ಬರೆದು ಕಳಿಸಿ.